ಮೂವತ್ತೆಂಟು ಪೊಟ್ಟಣ ಪಾಚಿ

ಹೋದ ವರ್ಷವಲ್ಲ, ಅದರ ಹಿಂದಿನ ವರ್ಷ ಗಣೇಶನ ಹಬ್ಬ ಮುಗಿದ ವಾರ ಶುರುವಾದದ್ದು ಇದು. ನಾನು ಹಾವೇರಿ ಕಡೆಯವಳು. ಸೋಲದೇವನಹಳ್ಳಿ ಹತ್ತಿರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ಮನೆ ಟಿ. ದಾಸರಹಳ್ಳಿಯಲ್ಲಿ. ನನ್ನ ಕ್ಲಾಸಿನ ಮುಕ್ಕಾಲು ಮಕ್ಕಳು ಬೇರೆಲ್ಲೂ ಸೀಟು ಸಿಗದೆ ಬಂದವರು. ನಾನು ಪಾಠ ಮಾಡುವಾಗ ಅವರು ಬೆಂಚಿನ ಕೆಳಗೆ ಮೊಬೈಲ್ ನೋಡುತ್ತಾರೆ, ನಾನು ಅದನ್ನು ನೋಡದ ಹಾಗೆ ಇರುತ್ತೇನೆ. ಹಾಗೇ ಎಂಟು ವರ್ಷ ಕಳೆದಿತ್ತು.

ಆ ಗುರುವಾರ ಸಂಜೆ ಬಸ್ಸಿಗೆ ಕಾಯುವಾಗ ಮಳೆ ಹಿಡಿಯಿತು. ರಸ್ತೆ ಪಕ್ಕದ ಮುನಿರಾಜಪ್ಪನವರ ಮನೆಯ ಶೀಟಿನ ಕೆಳಗೆ ನಿಂತೆ. ಅವರು ಹಳೇ ಊರಿನವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾರೆ. ಹಿತ್ತಲಲ್ಲಿ ಒಂದು ಕಲ್ಲುಬಾವಿ ಮಾತ್ರ ಉಳಿದಿತ್ತು, ಅದರ ಮೇಲೂ ಸದ್ಯದಲ್ಲೇ ಸ್ಲ್ಯಾಬ್ ಹಾಕಿಸುತ್ತೇನೆ ಅಂದರು. ಮಳೆ ನಿಂತ ಮೇಲೆ ಸುಮ್ಮನೆ ಇಣುಕಿದೆ. ಒಳಗೋಡೆಯ ಮೇಲೆ ಊಟದ ತಟ್ಟೆಯಷ್ಟಗಲ ಒಂದು ಹಸಿರು ಕಂಡಿತು. ಏಣಿ ಇಳಿಸಿಕೊಡಿ ಅಂದೆ. ಮೇಡಂಗೆ ತಲೆ ಕೆಟ್ಟಿದೆ ಅಂದುಕೊಂಡರೋ ಏನೋ, ಆದರೂ ಇಳಿಸಿಕೊಟ್ಟರು.

ಜನ ಎಲ್ಲದಕ್ಕೂ ಪಾಚಿ ಅಂದುಬಿಡುತ್ತಾರೆ. ಆದರೆ ಇದನ್ನು ಗುರುತಿಸೋದು ಕಷ್ಟವಲ್ಲ. ಮಾಮೂಲಿ ಗೋಡೆಪಾಚಿಯ ಎಲೆ ಕಡ್ಡಿಯ ಸುತ್ತಲೂ ಹುಟ್ಟುತ್ತದೆ. ಇದರದ್ದು ಎರಡೇ ಸಾಲು, ಕೋಳಿಪುಕ್ಕ ಇದ್ದ ಹಾಗೆ ಚಪ್ಪಟೆ. ಪ್ರತಿ ಎಲೆಯ ಬುಡದಲ್ಲೂ ಒಂದು ಜೇಬು, ಆ ಜೇಬು ಕಡ್ಡಿಯನ್ನು ಅಪ್ಪಿಕೊಂಡಿರುತ್ತದೆ. ಈ ಗುಂಪಿನಲ್ಲಿ ಸಾಮಾನ್ಯವಾದವೂ ಬೇಕಾದಷ್ಟಿವೆ. ಇದರಲ್ಲಿ ಮಾತ್ರ ಎಲೆಯ ಅಂಚಿಗೆ ಬಿಳಿಚಿಕೊಂಡ ಒಂದು ಗೆರೆ ಇತ್ತು, ತುದಿಯಲ್ಲಿ ಸಣ್ಣ ಸಣ್ಣ ಹಲ್ಲು. ಏಣಿಯ ಮೇಲೆ ನಿಂತೇ ಲೆನ್ಸ್ ಹಿಡಿದು ಎರಡೆರಡು ಸಲ ನೋಡಿದೆ. ಇದು ಧಾರವಾಡದ ನಮ್ಮ ಸರ್ ಹುಡುಕುತ್ತಿದ್ದ ಪಾಚಿ.

ಸರ್ ನನಗೆ ಪಾಚಿ ನೋಡಲು ಕಲಿಸಿದವರು, ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ನಲವತ್ತು ವರ್ಷದ ಹಿಂದೆ ಒಂದು ಸಲ ಇದನ್ನು ಕಂಡಿದ್ದರಂತೆ. ಆಗ ಅದರಲ್ಲಿ ಕ್ಯಾಪ್ಸೂಲ್ ಇರಲಿಲ್ಲ. ಕ್ಯಾಪ್ಸೂಲ್ ಅಂದರೆ ಕೂದಲೆಳೆಯಂಥ ಕಡ್ಡಿಯ ತುದಿಗೆ ಬರುವ ಪುಟ್ಟ ಬುರುಡೆ. ಅದು ಮಾಗಿ ಬಾಯಿ ಬಿಟ್ಟಾಗ ಒಳಗಿನ ಹಲ್ಲು ನೋಡದೆ ಇದು ಇಂಥದ್ದೇ ಅಂತ ಹೇಳಲು ಬರುವುದಿಲ್ಲ. ಬಾವಿಯಲ್ಲಿದ್ದ ಪಾಚಿಗೆ ಕ್ಯಾಪ್ಸೂಲ್ ಬಂದಿತ್ತು, ಇನ್ನೂ ಹಸಿರಾಗಿತ್ತು. ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಒಂದ ಎಳಿ ಸೈತ ಕೀಳಬ್ಯಾಡವಾ. ಇನ್ನ ಒಂದ ವಾರಕ್ಕ ಮಾಗತಾವ. ನಾನ ಬರ್ತೀನಿ" ಅಂದರು. ಅವರಿಗೆ ಮಂಡಿನೋವು, ಮನೆಯ ಮೆಟ್ಟಿಲಿಳಿಯುವುದೇ ಕಷ್ಟ. ಆದರೂ ಮುಂದಿನ ಶನಿವಾರಕ್ಕೆ ಟಿಕೆಟ್ ಮಾಡಿಸಿಬಿಟ್ಟರು. ಮುನಿರಾಜಪ್ಪನವರೂ ಸ್ಲ್ಯಾಬ್ ಕೆಲಸ ಮುಂದಕ್ಕೆ ಹಾಕಿದರು. ಗಾರೆಯವರನ್ನು ವಾಪಸ್ ಕಳಿಸಿದರು ಪಾಪ, ನನ್ನ ಮುಖ ನೋಡಿಕೊಂಡು.

ಮಾರನೇ ದಿನ ಕ್ಲಾಸಿಗೆ ಹೋದೆ. ಬಾಯಿ ಸುಮ್ಮನಿರಬೇಕಲ್ಲ! ಎರಡು ಸಾಲು, ಜೇಬು, ಬಿಳಿ ಗೆರೆ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆ, ಫೋಟೋ ತೋರಿಸಿದೆ. ಎಂಟು ವರ್ಷದಲ್ಲಿ ಮೊದಲ ಸಲ ಒಂದು ಮೊಬೈಲೂ ಕಾಣಲಿಲ್ಲ. ಮಕ್ಕಳು ಪ್ರಶ್ನೆ ಕೇಳಿದರು. ಎಲ್ಲಿದೆ ಮೇಡಂ ಅಂದರು. ಹೇಳಿದೆ. ಆ ದಿನ ನನ್ನ ಖುಷಿ ಕೇಳಬೇಡಿ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಆಮೇಲೆ ನಾನು ಬಾವಿಯ ಕಡೆ ಹೋಗಲಿಲ್ಲ, ಪದೇಪದೇ ಏಣಿ ಇಳಿಸಿದರೆ ಗೋಡೆಗೆ ತಾಗುತ್ತದೆ ಅಂತ.

ಶನಿವಾರ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿನಲ್ಲಿ ಸರ್ ಇಳಿದರು. ಹೆಗಲಿಗೆ ಹಳೇ ಬ್ಯಾಗು, ಕೈಯಲ್ಲಿ ಕೋಲು. ಆಟೋದಲ್ಲಿ ದಾರಿಯುದ್ದಕ್ಕೂ ನಲವತ್ತು ವರ್ಷದ ಹಿಂದಿನ ಆ ದಿನದ್ದೇ ಮಾತು. ಮುನಿರಾಜಪ್ಪನವರು ನಗುನಗುತ್ತಾ ಎದುರು ಬಂದರು.

"ನಿಮ್ ಮಕ್ಳು ಬಾನುವಾರ ಬಂದಿದ್ರು ಮೇಡಂ. ಬಾಳ ಒಳ್ಳೆ ಮಕ್ಳು, ಚಪ್ಲಿ ಬಿಟ್ಟು ಬಂದ್ರು. ನೀವೇ ಕಳ್ಸಿದೀರ ಅಂತ ನಾನೇ ಏಣಿ ಇಡ್ಕೊಂಡಿದ್ದೆ."

ನಾನು ಬಗ್ಗಿ ನೋಡಿದೆ. ಬರೀ ಕಲ್ಲು. ಬ್ಲೇಡಿನಿಂದ ಕೆರೆದ ಗೀರುಗಳು ಎದ್ದು ಕಾಣುತ್ತಿದ್ದವು. ಸರ್ ಬಾವಿಯ ಕಟ್ಟೆಯ ಮೇಲೆ ಕೂತರು. ಆಮೇಲೆ ಮಕ್ಕಳ ಹತ್ತಿರ ಇರಬೇಕಲ್ಲ, ನೋಡೋಣ ನಡಿ ಅಂದರು.

ಕಾಲೇಜಿಗೆ ಹೋದಾಗ ಲ್ಯಾಬಿನ ಮೇಜಿನ ಮೇಲೆ ಮೂವತ್ತೆಂಟು ಪೊಟ್ಟಣ ಸಾಲಾಗಿ ಇದ್ದವು, ಒಬ್ಬೊಬ್ಬರದು ಒಂದೊಂದು, ಅವತ್ತೇ ಬೆಳಿಗ್ಗೆ ತಂದಿಟ್ಟದ್ದು. ಪ್ರಾಕ್ಟಿಕಲ್ ರೆಕಾರ್ಡಿಗೆ ಐದು ಸ್ಯಾಂಪಲ್ ತರಲೇಬೇಕು ಅಂತ ವರ್ಷದ ಶುರುವಿನಲ್ಲಿ ಹೇಳಿದವಳು ನಾನೇ. ಸಿಟ್ಟು ತಡೆಯಲಾಗದೆ ಕ್ಲಾಸಿಗೆ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಮೊದಲನೇ ಬೆಂಚಿನ ಸಹನಾ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು.

"ಕೀಳಬಾರದು ಅಂತ ನೀವು ಹೇಳ್ಲೇ ಇಲ್ವಲ್ಲ ಮೇಡಂ" ಅಂದಳು.

ಹೌದು, ಹೇಳಿರಲಿಲ್ಲ. ಒಂದು ಗಂಟೆ ಮಾತಾಡಿದ್ದೆ, ಅದೊಂದನ್ನು ಬಿಟ್ಟು.

ಲ್ಯಾಬಿಗೆ ವಾಪಸ್ ಬಂದಾಗ ಸರ್ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಮಕ್ಕಳು ಪಾಚಿಯನ್ನು ದಪ್ಪ ಪುಸ್ತಕಗಳ ಕೆಳಗಿಟ್ಟು ಒಣಗಿಸಿದ್ದರು, ನಾನು ಕಲಿಸಿದ ಹಾಗೇ. ಕ್ಯಾಪ್ಸೂಲುಗಳೆಲ್ಲ ಕಾಯಿಯಲ್ಲೇ ಅಪ್ಪಚ್ಚಿಯಾಗಿದ್ದವು. ಆದರೂ ಅವರು ಒಂದೊಂದನ್ನೇ ಬಿಚ್ಚಿ, ನೋಡಿ, ಮತ್ತೆ ಮಡಚಿ ಇಟ್ಟರು. ಮಧ್ಯಾಹ್ನ ಮೂರಾಯಿತು, ಊಟ ಬೇಡ ಅಂದರು. ಕೊನೆಯ ಪೊಟ್ಟಣ ಮುಚ್ಚಿ ಕನ್ನಡಕ ತೆಗೆದರು.

"ಹಲ್ಲ ಕಾಣಂಗಿಲ್ಲ, ಹೆಸರ ಹೇಳಾಕ ಬರಂಗಿಲ್ಲ" ಅಂದರು. ಕನ್ನಡಕ ಒರೆಸುತ್ತಾ, "ಆದ್ರ ಮೂವತ್ತೆಂಟರಾಗ ಒಂದೂ ತಪ್ಪಿಲ್ಲ. ಬ್ಯಾರೆ ಪಾಚಿ ಯಾರೂ ತಂದಿಲ್ಲ. ಛಲೋ ಕಲಿಸೀದಿ" ಅಂದರು.

ಚುಚ್ಚಿ ಆಡಿದ ಮಾತಲ್ಲ ಅದು. ಅವರಿಗೆ ಹಾಗೆ ಮಾತಾಡಲು ಬರುವುದಿಲ್ಲ.

ಮುಂದಿನ ವಾರ ಬಾವಿಗೆ ಸ್ಲ್ಯಾಬ್ ಬಿತ್ತು. ಆ ಪಾಚಿಯನ್ನು ಆಮೇಲೆ ನಾನೂ ಎಲ್ಲೂ ಕಂಡಿಲ್ಲ, ಸರ್ ಕೂಡ ಕಂಡಿಲ್ಲ. ಮಕ್ಕಳಿಗೆ ಪೂರ್ತಿ ಅಂಕ ಕೊಟ್ಟೆ, ಕೊಡದೆ ಇರಲು ಕಾರಣವಿರಲಿಲ್ಲ. ಸರ್ ಬಾಯಿಂದ ಒಂದು ಒಳ್ಳೆ ಮಾತು ಕೇಳಬೇಕು ಅಂತ ಓದುವ ಕಾಲದಿಂದ ಆಸೆಪಟ್ಟಿದ್ದವಳು ನಾನು. ಕೊನೆಗೂ ಕೇಳಿದೆ. ಅವತ್ತು ಅವರು ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಟ್ಟಿರುತ್ತಿದ್ದೆ.