ತಾಟಿನಲ್ಲಿ ಉಳಿದ ಹೋಳಿಗೆ

ಥೈರಾಯ್ಡಿನ ಸೊಕ್ಕು ಇಳಿಸಲು ನನಗೆ ವಿಕಿರಣದ ಅಯೋಡಿನ್ ಗುಳಿಗೆ ನುಂಗಿಸಿದರು. ಅದೇ ದಿನ ಮಗಳು ಹೆತ್ತಳು. ಚೊಚ್ಚಲ ಬಾಣಂತನ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಆಗಬೇಕಿತ್ತು. ಗುಳಿಗೆಯ ದೆಸೆಯಿಂದ ಬ್ಯಾಡಗಿಯ ಬೀಗರ ಪಾಲಾಯಿತು. ಮೂರು ವಾರ ಕೂಸನ್ನು ಎತ್ತಿಕೊಳ್ಳಬಾರದು, ಬೇರೆ ಮಲಗಬೇಕು, ಶೌಚಕ್ಕೆ ಹೋದಾಗ ಎರಡೆರಡು ಸಲ ನೀರು ಬಿಡಬೇಕು ಎಂದಿದ್ದರು ವೈದ್ಯರು.

ದೇವರು ದೊಡ್ಡವನು. ಮದುವೆಯಾದ ಮೇಲೆ ನನಗೊಂದು ಸ್ವಂತ ಕೋಣೆ ಸಿಕ್ಕಿದ್ದು ಆಗಲೇ. ಎದ್ದು ಒಂದು ಲೋಟ ನೀರು ಕುಡಿಯದ ನಮ್ಮ ಮನೆಯವರು ಬಾಗಿಲಲ್ಲಿ ಚಹಾ ಇಟ್ಟು ಓಡುತ್ತಿದ್ದರು.

ಈ ಔಷಧಿಯ ಅರ್ಧಾಯುಷ್ಯ ಎಂಟು ದಿನ ಎಂಬ ಮಾತೊಂದನ್ನು ಅವರು ಆಸ್ಪತ್ರೆಯಿಂದ ಕಟ್ಟಿಕೊಂಡು ಬಂದಿದ್ದರು. ಮೆಣಸಿನಕಾಯಿ ವ್ಯಾಪಾರದವರು, ಲೆಕ್ಕ ಹೇಳಿಸಿಕೊಳ್ಳುವ ಪೈಕಿಯವರಲ್ಲ.

“ಎಂಟು ದಿನಕ್ಕ ಅರ್ಧ ಹೋತು, ಇನ್ನೆಂಟಕ್ಕ ಉಳಿದರ್ಧ ಹೋತು. ಹದಿನಾರಕ್ಕ ನೀ ಚೊಕ್ಕ ಆದಿ,” ಎಂದವರೇ ಬೀಗರಿಗೆ ಫೋನು ಮಾಡಿ, ತೊಟ್ಟಿಲ ಕಾರ್ಯಕ್ಕೆ ಅದೇ ದಿನ ಗೊತ್ತು ಮಾಡಿದರು. ಕೂಸನ್ನು ತೊಟ್ಟಿಲಿಗೆ ಹಾಕುವವಳು ನಾನೇ ಎಂದು ಬೀಗಿತಿ ಊರಿಗೆಲ್ಲ ಸಾರಿಯೂ ಆಯಿತು.

ಮೊಮ್ಮಗಳನ್ನು ನಾನು ಮೊಬೈಲಿನಲ್ಲಷ್ಟೇ ಕಂಡಿದ್ದೆ. ಎತ್ತಿಕೊಳ್ಳುವ ಆಸೆಗೆ ಮೈಯೆಲ್ಲ ಹಂಬಲಿಸುತ್ತಿತ್ತು. ಆದರೂ ಒಳಗಿನಿಂದಲೇ ಹೇಳಿದೆ:

“ನೀವು ಅಣ್ಣತಮ್ಮರು ಊಟಕ್ಕ ಕುಂತಾಗ ಕಡೀ ಹೋಳಿಗಿ ಯಾರರ ಪೂರಾ ತಗೋತೀರೇನ್ರಿ? ಒಬ್ಬರು ಅರ್ಧ ಮುರೀತೀರಿ, ಇನ್ನೊಬ್ಬರು ಅದರಾಗ ಅರ್ಧ. ಎಲ್ಲಾರೂ ಭಾಳ ಸಂಭಾವಿತರು. ನಾ ತಾಟು ತೊಳಿಯಾಕ ಹೋದಾಗ ಚೂರು ಇದ್ದೇ ಇರತೈತಿ. ಇದೂ ಹಂಗ. ಹದಿನಾರಕ್ಕ ಕಾಲುಭಾಗ ಉಳೀತೈತಿ.”

ಹೋಳಿಗೆಯ ಮಾತು ಕೇಳುವವರಾರು? ವೈದ್ಯರಿಗೇ ಫೋನು ಹೋಯಿತು. ಮೂತ್ರದಲ್ಲೂ ಒಂದಿಷ್ಟು ಹೋಗುವುದರಿಂದ ಮೈಯಲ್ಲಿ ಅದಕ್ಕಿಂತ ಕಡಿಮೆಯೇ ಇರಬಹುದು, ಆದರೆ ಪೂರ್ತಿ ಹೋಗಿರುವುದಿಲ್ಲ, ಹೇಳಿದಷ್ಟು ದಿನ ತುಂಬಲಿ ಎಂದರಂತೆ. ನಾನು ಹೇಳಿದ್ದನ್ನೇ ಕೋಟು ಹಾಕಿಕೊಂಡವರು ಹೇಳಿದ ಕೂಡಲೇ ಮನೆಯವರಿಗೆ ಅದು ವಿಜ್ಞಾನವಾಗಿ ಕಂಡಿತು.

ಕಾರ್ಯ ಮುಂದೂಡಲು ಬೀಗರು ಒಪ್ಪಲಿಲ್ಲ. ಆ ದಿನ ಬ್ಯಾಡಗಿಗೆ ಹೋಗಿ ನಾನು ಅವರ ಅಂಗಳದ ಆಚೆ ಕುರ್ಚಿ ಹಾಕಿಕೊಂಡು ಕುಳಿತೆ. ಬೀಗಿತಿ ಕೂಸನ್ನು ತೊಟ್ಟಿಲಿಗೆ ಹಾಕಿದರು, ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಬಂದಾಗಲೆಲ್ಲ ಕಿವಿಗೆ ಬಾಯಿ ಹಚ್ಚಿ ಚಾಡಿ ಹೇಳುವ ಹಾವೇರಿಯ ನಾದಿನಿ ಅಂದು ಹತ್ತಿರ ಸುಳಿಯಲಿಲ್ಲ. ಅದೂ ಶಿವನ ಕೃಪೆಯೇ.

ದಿನ ತುಂಬಿದ ಮೇಲೆ ಮತ್ತೆ ಬ್ಯಾಡಗಿಗೆ ಹೋದೆ. ಮಗಳು ಕೂಸನ್ನು ನನ್ನ ಮಡಿಲಿಗೆ ಹಾಕಿದಳು. ಮೊಮ್ಮಗಳು ಒಮ್ಮೆ ಆಕಳಿಸಿ, ನನ್ನ ಹೊಸ ಸೀರೆಯನ್ನು ಬೆಚ್ಚಗೆ ತೋಯಿಸಿದಳು. ಎರಡು ಸಲ ನೀರು ಬಿಡುವ ನೇಮ ಅವಳಿಗೆಲ್ಲಿಯದು? ಸೀರೆ ಬದಲಿಸಲು ಬೀಗಿತಿ ಕರೆದರು. ನಾನು ಏಳಲಿಲ್ಲ.