ದೇರಪ್ಪನ ಫೋನಿಗೆಂದು ಉಳಿದ ಎರಡು ತಪ್ಪು

ಮೂರ್ನಾಡು ಪೇಟೆಯ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಸುಧಾ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಶನಿವಾರಸಂತೆ ಕಡೆಯವಳು. ಮೊದಲು ಮದುವೆ ಕಾಗದ ಟೈಪು ಮಾಡುತ್ತಿದ್ದಳು. ಜನ ಕಾಗದ ಬಿಟ್ಟು ವಾಟ್ಸಾಪಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೆ ಈ ಕೆಲಸ ಕಲಿತಳು. ಮಾಲು ಹೋಗದಿದ್ದರೆ ಮಾಲು ಬದಲಿಸಬೇಕು, ಅಂಗಡಿ ಮುಚ್ಚಬಾರದು. ಅಷ್ಟು ಬುದ್ಧಿ ಅವಳಿಗಿತ್ತು.

ತಾಯಿ ಚನ್ನಬಸಮ್ಮ ತೀರಿಕೊಂಡ ಮೇಲೆ ಯಾವುದೂ ಅವಳಿಗೆ ನಾಟುತ್ತಿರಲಿಲ್ಲ. ಅಳು ಬರಲಿಲ್ಲ, ಊಟವೂ ಬಿಡಲಿಲ್ಲ. ಗಿರಾಕಿ ಹೊಗಳಿದರೂ ‘ಹೂಂ’, ಬೈದರೂ ‘ಹೂಂ’. ಬೈಯುವವರೇ ಬೇಸತ್ತು ನಿಲ್ಲಿಸುತ್ತಿದ್ದರು. ಬರೆದ ಪುಟ ವೆಬ್‌ಸೈಟಿನ ನಿಯಮದ ಪ್ರಕಾರ ಇದೆಯೇ ಎಂದು ಕಂಪ್ಯೂಟರಿನಲ್ಲಿ ತಪಾಸಣೆಗೆ ಹಾಕಿದಾಗ ‘ತಪ್ಪುಗಳಿಲ್ಲ’ ಎಂಬ ಹಸಿರು ಸಾಲು ಬರುತ್ತದಲ್ಲ, ಅದನ್ನು ಮಾತ್ರ ಸ್ವಲ್ಪ ಹೊತ್ತು ನೋಡುತ್ತ ಕೂರುತ್ತಿದ್ದಳು.

ಕಾಯಂ ಕೆಲಸವೆಂದರೆ ಬೆಳೆಗಾರರ ಸೊಸೈಟಿಯದು. ದಿನಾ ಬೆಳಿಗ್ಗೆ ಕಾಫಿ ರೇಟು ಹಾಕುವ ಪುಟ. ಕಾರ್ಯದರ್ಶಿ ನಾಗೇಶ್ವರ ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿ ಬಂದವರು. ಕಡತದಲ್ಲಿ ಕಾಗದವಿಲ್ಲದೆ ಮಳೆ ಬಂದದ್ದನ್ನೂ ಒಪ್ಪುವವರಲ್ಲ. ಸುಧಾ ಆಗಷ್ಟೇ ಹೊಸದಾಗಿ ಮಾಡಿಹಾಕಿದ್ದ ಪುಟದಲ್ಲಿ ತಪ್ಪು ಸೊನ್ನೆ ಎಂಬ ಪ್ರಿಂಟ್ ತಂದರಷ್ಟೇ ಮುಂದಿನ ವರ್ಷವೂ ಕೆಲಸ ನಿಮಗೆ ಎಂದಿದ್ದರು. ಸುಧಾ ತರುವವಳೇ ಇದ್ದಳು. ಅಷ್ಟರಲ್ಲಿ ಸಣ್ಣ ತೋಟದ ದೇರಪ್ಪ ಹಳೇ ಫೋನು ಹಿಡಿದು ಮೆಟ್ಟಿಲು ಹತ್ತಿ ಬಂದ.

“ಏನವ್ವ ಸುಧಾ, ನನ್ನ ಮಾನ ತೆಗೆದ್ಯಲ್ಲ!”

“ಏನಾಯ್ತು ದೇರಪ್ಪಣ್ಣ?”

“ವ್ಯಾಪಾರಿ ಅಂಗಳಕ್ಕೇ ಬಂದಿದ್ದ. ಫೋನಲ್ಲಿ ನಿನ್ನ ಪುಟ ನೋಡಿ, ರೊಬಸ್ಟಾ ಚೆರ್ರಿಗೆ ಇಷ್ಟು ಕೊಡು ಅಂದೆ. ‘ಇದು ಅರೇಬಿಕಾ ಪಾರ್ಚ್‌ಮೆಂಟ್ ರೇಟಲ್ವಾ, ನೀವು ಚೆರ್ರಿ ಒಣಗಿಸಿದ್ದು ಚಿನ್ನದ ಕಣದಲ್ಲಾ?’ ಅಂತ ನಗಾಡಿ, ಜೀಪ್ ತಿರುಗಿಸ್ಕೊಂಡು ಹೋದ.”

ಸುಧಾ ಫೋನು ತೆಗೆದುಕೊಂಡು ನೋಡಿದಳು. ಹೊಸ ಫೋನುಗಳಲ್ಲಿ ಕಾಫಿಯ ಹೆಸರುಗಳು ಎಡಕ್ಕೆ, ರೇಟುಗಳು ಬಲಕ್ಕೆ ನಿಲ್ಲುತ್ತಿದ್ದವು. ಇವನ ಹಳೇ ಬ್ರೌಸರಿನಲ್ಲಿ ಹೆಸರೆಲ್ಲ ಮೇಲೆ, ರೇಟೆಲ್ಲ ಕೆಳಗೆ. ಕೊನೆಯ ಹೆಸರು ಎಲ್ಲಕ್ಕಿಂತ ಅಗ್ಗದ ರೊಬಸ್ಟಾ ಚೆರ್ರಿ. ಅದರ ಬುಡಕ್ಕೇ ಬಂದು ಕೂತ ಮೊದಲ ರೇಟು ಎಲ್ಲಕ್ಕಿಂತ ದುಬಾರಿಯಾದ ಅರೇಬಿಕಾ ಪಾರ್ಚ್‌ಮೆಂಟಿನದು. ತಪಾಸಣೆ ನೋಡುವುದು ಬರಹವನ್ನು. ದೇರಪ್ಪನ ಅಂಗೈಯಲ್ಲಿ ಹೇಗೆ ಕಾಣುತ್ತದೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

“ಹೊಸ ಫೋನ್ ತಗೊಳ್ಳಿ.”

“ಹಗ್ಗಕ್ಕೆ ಸರಿಯಾಗಲಿ ಅಂತ ಯಾರಾದ್ರೂ ಹಸು ಬದಲಾಯಿಸ್ತಾರಾ?”

ಸುಧಾ ಕಂಪ್ಯೂಟರಿನತ್ತ ತಿರುಗಿದಳು. ಹಳೇ ಬ್ರೌಸರಿಗಷ್ಟೇ ತಿಳಿಯುವ, ಈಗಿನ ನಿಯಮದಲ್ಲಿಲ್ಲದ ಎರಡು ಸಾಲು ಸೇರಿಸಿದಳು. ದೇರಪ್ಪನ ಫೋನಿನಲ್ಲಿ ರೇಟು ತನ್ನ ಹೆಸರಿನ ಪಕ್ಕಕ್ಕೆ ಬಂತು. ತಪಾಸಣೆಯಲ್ಲಿ ಕೆಂಪು ಬಂತು: ತಪ್ಪು ಎರಡು. ಸೂಜಿಮದ್ದು ಕೊಟ್ಟ ಮೇಲೆ ಹಲ್ಲು ಕಿತ್ತ ಹಾಗೆ. ಏನೋ ಹೋಯಿತೆಂದು ಗೊತ್ತಾಯಿತು, ನೋಯಲಿಲ್ಲ.

ಅದನ್ನೇ ಪ್ರಿಂಟ್ ಹಾಕಿಕೊಂಡು ಸೊಸೈಟಿಗೆ ಹೋದಳು. ದೇರಪ್ಪನೂ ಜೊತೆಗೆ ಹೊರಟ.

“ಏನಮ್ಮಾ ಇದು, ಎರಡು ತಪ್ಪು?” ಎಂದರು ನಾಗೇಶ್ವರ.

“ಹೌದು ಸರ್.”

“ತೆಗೆದುಬಿಡಿ.”

“ತೆಗೆದ್ರೆ ಪ್ರಿಂಟ್ ಸರಿಯಾಗ್ತದೆ. ಇಂಥ ಫೋನ್ ಇಟ್ಕೊಂಡವರಿಗೆಲ್ಲ ರೇಟ್ ತಪ್ಪಾಗ್ತದೆ.”

“ಸೊನ್ನೆ ಅಂತ ಠರಾವಾಗಿದೆ. ಇಲ್ಲದಿದ್ರೆ ಕೆಲಸ ಬೇರೆಯವರಿಗೆ ಕೊಡಬೇಕಾಗ್ತದೆ.”

“ಕೊಡಿ ಸರ್.”

ಅಬ್ಬಾ ಧೈರ್ಯವೇ ಎಂದುಕೊಂಡ ದೇರಪ್ಪ. ಧೈರ್ಯವೇನಲ್ಲ, ಹೆದರುವುದು ಅವಳಿಂದಾಗಲಿಲ್ಲ, ಅಷ್ಟೆ. ಆದರೆ ಚೌಕಾಸಿಯಲ್ಲಿ ಇಂಥವರೆದುರು ಗೆದ್ದವರಿಲ್ಲ. ನಾಗೇಶ್ವರರು ಕನ್ನಡಕ ಒರೆಸಿದರು, ದೇರಪ್ಪನಿಂದ ಫೋನಿನ ರೇಟುಗಳನ್ನು ಗಟ್ಟಿಯಾಗಿ ಓದಿಸಿದರು. ಎಲ್ಲ ಸರಿಯಿತ್ತು. ಪೆನ್ನು ತೆಗೆದು ಪ್ರಿಂಟಿನ ಅಂಚಿನಲ್ಲಿ ಷರಾ ಬರೆದರು: ‘ಸದಸ್ಯ ದೇರಪ್ಪನವರ ಫೋನಿನ ಸಲುವಾಗಿ ಎರಡು ತಪ್ಪುಗಳನ್ನು ಉಳಿಸಿಕೊಂಡು ಅನುಮೋದಿಸಿದೆ.’

“ಇಲ್ಲಿ ಸಹಿ ಹಾಕಿ ದೇರಪ್ಪ.”

“ತಪ್ಪು ಇವಳದ್ದು, ಸಹಿ ನಂದಾ ಸಾರ್?”

“ಫೋನ್ ಯಾರದ್ದು?”

ದೇರಪ್ಪ ಗೊಣಗುತ್ತ ಸಹಿ ಹಾಕಿದ. ಕೆಲಸ ಇನ್ನೊಂದು ವರ್ಷಕ್ಕೆ ಸುಧಾಳದೇ ಆಯಿತು. ಈಗ ಖುಷಿಯಾಗಬೇಕು ಎಂದುಕೊಂಡು ಅವಳು ಸೊಸೈಟಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ನಿಂತಳು. ಏನೂ ಬರಲಿಲ್ಲ. ಭಾಗಮಂಡಲದ ಬಸ್ಸೊಂದು ಹೋಯಿತು.

ಮರುದಿನ ಬೆಳಿಗ್ಗೆ ರೇಟು ಹಾಕಿದ ಕೂಡಲೇ ದೇರಪ್ಪನ ಫೋನ್ ಬಂತು.

“ಚೆಂದ ಕಾಣ್ತದೆ ಮಾರಾಯ್ತಿ. ಆದ್ರೆ ರೇಟೇ ಬಿದ್ದೋಗಿದ್ಯಲ್ಲ!”

“ಹೂಂ,” ಎಂದಳು ಸುಧಾ.