ಮೇಷ್ಟ್ರ ಹನ್ನೊಂದು ಸಾವಿರ ಹಾಳೆ

ನಕ್ಷೆ ಕಚೇರಿಯಲ್ಲಿ ಅವನನ್ನು ಎಲ್ಲರೂ ಗೆರೆ ಎಂದೇ ಕರೆಯುತ್ತಿದ್ದರು. ಸ್ಕೇಲು ಹಿಡಿಯದೆ ಮೊಳದುದ್ದ ಎಳೆದರೂ ಅವನ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಹೆಸರು ಹಾಗೆ ಅಂಟಿಕೊಂಡಿತು. ಮೂವತ್ತೊಂದು ವರ್ಷ ಸೇತುವೆ, ಕಾಲುವೆ, ನೀರಿನ ಟ್ಯಾಂಕುಗಳ ನಕ್ಷೆ ಬಿಡಿಸಿ, ಸೇರಿದ ಹುದ್ದೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ನಿವೃತ್ತನಾದ. ಅದಕ್ಕಾಗಿ ಯಾರನ್ನೂ ದೂರಿದವನಲ್ಲ. "ಮೇಷ್ಟ್ರಂಥವರು ಸಿಕ್ಕರಲ್ಲ, ಅಷ್ಟು ಸಾಕು" ಎನ್ನುತ್ತಿದ್ದ.

ಮೇಷ್ಟ್ರು ಎಂದರೆ ಶಾಲೆಯವರಲ್ಲ, ಆ ಕಚೇರಿಯ ಮುಖ್ಯ ನಕ್ಷೆಗಾರರು. ಪೆನ್ಸಿಲು ಚೂಪು ಮಾಡುವುದರಿಂದ ಹಿಡಿದು ಎಲ್ಲವನ್ನೂ ಅವನಿಗೆ ಕೈಹಿಡಿದು ಕಲಿಸಿದವರು. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ನಕ್ಷೆ ತಿದ್ದಿದರೆ ಹಳೆಯ ಹಾಳೆಯನ್ನು ಎಸೆಯಕೂಡದು. ಹೊಸದರಲ್ಲಿ ಬದಲಾದ ಜಾಗಕ್ಕೆ ಸುತ್ತು ಹಾಕಿ, ಹಳೆಯದನ್ನು ಅದರ ಕೆಳಗೇ ಇಡಬೇಕು. "ನಾಳೆ ಸೇತುವೆ ಬಿರುಕು ಬಿಟ್ರೆ, ಯಾವ ಗೆರೆ ಯಾರು ಬದಲಾಯಿಸಿದ್ರು ಅಂತ ಗೊತ್ತಾಗ್ಬೇಕಲ್ಲೋ?" ಎನ್ನುತ್ತಿದ್ದರು. ತಾವು ಟೈಪು ಮಾಡಿಸಿದ ಪತ್ರಗಳಿಗೂ ಅವರು ಇದೇ ನಿಯಮ ಹಾಕಿಕೊಂಡಿದ್ದರು. ಒಂದೊಂದರ ಕಾರ್ಬನ್ ಪ್ರತಿಯೂ ಮನೆಯ ಪೆಟ್ಟಿಗೆ ಸೇರಿತ್ತು.

ಮೇಷ್ಟ್ರಿಗೆ ಎಪ್ಪತ್ತೈದು ದಾಟಿದ ಮೇಲೆ ಅವರ ಮಗಳು ಪೆಟ್ಟಿಗೆಗಳನ್ನೆಲ್ಲ ಅಂಗಡಿಗೆ ಕೊಟ್ಟು ಸ್ಕ್ಯಾನ್ ಮಾಡಿಸಿದಳು. ಹನ್ನೊಂದು ಸಾವಿರ ಹಾಳೆ ಅಂಗೈಯಗಲದ ಡಬ್ಬಿಯೊಂದರಲ್ಲಿ ಕೂತು ಬಂತು. ಹೆಸರಿಲ್ಲ, ಕ್ರಮವಿಲ್ಲ, ಬರೀ ಸಂಖ್ಯೆ. ಮೇಷ್ಟ್ರು ಗೆರೆಗೆ ಫೋನು ಮಾಡಿದರು. "ಒಂದು ಒಳ್ಳೆ ಸಾಫ್ಟ್‌ವೇರ್ ನೋಡಿ ಇದನ್ನೆಲ್ಲ ಜೋಡಿಸಿ ಕೊಡೋ. ನಿನ್ನ ಬಿಟ್ರೆ ಯಾರಿದಾರೆ ನಂಗೆ?"

ಆ ಕೊನೆಯ ಮಾತಿಗೆ ಗೆರೆ ಉಬ್ಬಿಹೋದ. ಚಪ್ಪಲಿ ಮೆಟ್ಟುತ್ತಿದ್ದಾಗ ಹೆಂಡತಿ ಒಳಗಿನಿಂದಲೇ ಅಂದಳು:

"ನಮ್ಮನೆ ನೀರಿನ ರಶೀದಿ ಎಲ್ಲಿದೆ ಅಂದ್ರೆ ಗೊತ್ತಿಲ್ಲ. ಅವರ ಮನೆ ಕಾಗದ ಜೋಡಿಸೋಕೆ ಹೊರಟ್ರು."

"ಅವರು ನನ್ನ ಮೇಷ್ಟ್ರು ಕಣೇ."

"ಗೊತ್ತು. ಮೂವತ್ತು ವರ್ಷದಿಂದ ಇದೇ ಕೇಳ್ತಿದೀನಿ."

ಮೂರು ಸಾಫ್ಟ್‌ವೇರ್‌ಗಳನ್ನು ಒಂದೊಂದು ವಾರ ಪರೀಕ್ಷೆಗೆ ಹಾಕಬೇಕೆಂದು ಗೆರೆ ತೀರ್ಮಾನಿಸಿದ. ದಿನಾ ಬೆಳಿಗ್ಗೆ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಮೊದಲನೆಯದು ಹಾಳೆಗಳನ್ನು ವರ್ಷವಾರು ಚೆಂದವಾಗಿ ಜೋಡಿಸಿತು. ಆದರೆ ಒಂದೇ ತಲೆಬರಹದ ಎರಡು ಹಾಳೆ ಕಂಡರೆ ಹೇಳದೆ ಕೇಳದೆ ಒಂದನ್ನು ಮರೆಗೆ ತಳ್ಳುತ್ತಿತ್ತು. ತಿದ್ದಿದ ನಕ್ಷೆಗಳ ಗತಿ ಏನು? ಅದನ್ನು ಕೈಬಿಟ್ಟ. ಎರಡನೆಯದಕ್ಕೆ ಹಾಳೆಹಾಳೆಗೂ ನಾವೇ ಚೀಟಿ ಬರೆದು ಅಂಟಿಸಬೇಕಿತ್ತು.

"ಹನ್ನೊಂದು ಸಾವಿರ ಚೀಟಿ ಬರೆದು ಮುಗಿಸೋ ಹೊತ್ತಿಗೆ ನಾನೇ ಒಂದು ಕಡತ ಆಗಿರ್ತೀನಿ ಕಣೋ" ಎಂದು ಮೇಷ್ಟ್ರು ನಕ್ಕರು. "ಯಾವುದೋ ಒಂದು ಹಾಕು. ಇಷ್ಟೊಂದು ಯಾಕೆ ತಲೆ ಕೆಡಿಸ್ಕೋತೀಯ?"

"ನೀವೇ ಕಲಿಸಿದ್ದಲ್ವಾ ಮೇಷ್ಟ್ರೇ" ಎಂದ ಗೆರೆ.

ಮೂರನೆಯದನ್ನು ನೋಡಿ ಅವನು ಮಗುವಿನಂತೆ ಕುಣಿದ. ಅದು ಹಾಳೆಯೊಳಗಿನ ಟೈಪು ಅಕ್ಷರ ಓದುತ್ತಿತ್ತು. ಹೆಚ್ಚುಕಡಿಮೆ ಒಂದೇ ಥರ ಇರುವ ಎರಡು ಹಾಳೆಗಳನ್ನು ತಾನಾಗಿಯೇ ಹೆಕ್ಕಿ, ಅಕ್ಕಪಕ್ಕ ಇಟ್ಟು, ವ್ಯತ್ಯಾಸವಿರುವ ಕಡೆ ಹಳದಿ ಬಳಿದು, 'ಒಂದನ್ನು ತೆಗೆಯಲೇ, ಎರಡೂ ಇರಲೇ?' ಎಂದು ಕೇಳುತ್ತಿತ್ತು. "ನಾವು ಸುತ್ತು ಹಾಕ್ತಿದ್ವಲ್ಲ ಮೇಷ್ಟ್ರೇ, ಅದೇ ಕೆಲಸ ಇದು ಮಾಡತ್ತೆ!" ಅಂಥ ನಾನೂರು ಜೋಡಿ ಸಿಕ್ಕಿದ್ದವು. ಗೆರೆ ಒಂದೊಂದನ್ನೇ ನೋಡುತ್ತ 'ಎರಡೂ ಇರಲಿ' ಎಂದು ಒತ್ತುತ್ತ ಹೋದ.

ನಾಲ್ಕನೆಯ ದಿನ ಎರಡು ಶಿಫಾರಸು ಪತ್ರಗಳ ಜೋಡಿ ಬಂತು. ತಾರೀಖು ನೋಡಿದ ಕೂಡಲೇ ಗೆರೆಗೆ ನೆನಪಾಯಿತು.

ಇಪ್ಪತ್ತೆರಡು ವರ್ಷದ ಹಿಂದೆ ಮುಖ್ಯ ಕಚೇರಿಯಲ್ಲಿ ದೊಡ್ಡ ಸೇತುವೆಗಳಿಗೆಂದೇ ಹೊಸ ವಿಭಾಗ ತೆರೆದು, ಇಲ್ಲಿಂದ ಒಬ್ಬನನ್ನು ಕೇಳಿದ್ದರು. ಗೆರೆಯ ಹೆಸರೂ ಅವನ ಜೊತೆಗಾರ ಉದ್ದಣ್ಣನ ಹೆಸರೂ ಹೋದವು. ಆರಿಸಿದ್ದು ಉದ್ದಣ್ಣನನ್ನು. ಮುಂದೆ ಅವನು ಆ ವಿಭಾಗಕ್ಕೇ ಮುಖ್ಯಸ್ಥನಾದ. ಆ ದಿನ ಮೇಷ್ಟ್ರು ಗೆರೆಯ ಹೆಗಲ ಮೇಲೆ ಕೈಯಿಟ್ಟು, "ಇಬ್ಬರಿಗೂ ಅಕ್ಷರಕ್ಕೆ ಅಕ್ಷರ ಒಂದೇ ಪತ್ರ ಬರೆದೆ ಕಣೋ. ಮೇಲಿನವರ ಇಷ್ಟ" ಎಂದಿದ್ದರು. ಪತ್ರ ಒಂದೇ ಆದಮೇಲೆ ಕೊರತೆ ತನ್ನಲ್ಲೇ ಇರಬೇಕು ಎಂದುಕೊಂಡ ಗೆರೆ, ಅಂದಿನಿಂದ ತನ್ನ ಪ್ರತಿ ನಕ್ಷೆಯನ್ನೂ ಇನ್ನೊಬ್ಬರ ಕೈಲಿ ಎರಡೆರಡು ಸಲ ನೋಡಿಸದೆ ಬಿಡುತ್ತಿರಲಿಲ್ಲ.

ಪರದೆಯ ಮೇಲೆ ಎರಡು ಕಡೆ ಹಳದಿ ಇತ್ತು. ಹೆಸರಿನ ಮೇಲೆ, ಮತ್ತೆ ಕೊನೆಯ ಸಾಲಿನ ಮೇಲೆ. ಉದ್ದಣ್ಣನದರಲ್ಲಿ, 'ಒಬ್ಬನೇ ಹೊಣೆ ಹೊತ್ತು ಕೆಲಸ ಮುಗಿಸಬಲ್ಲ.' ತನ್ನದರಲ್ಲಿ, 'ಮೇಲೆ ನಿಂತು ನೋಡಿಕೊಳ್ಳುವವರಿದ್ದರೆ ಮಾತ್ರ ಕೆಲಸ ಮುಗಿಸುತ್ತಾನೆ.'

ಗೆರೆ ಮತ್ತೆ ಓದಿದ. ಯಂತ್ರ ತಪ್ಪು ಓದಿರಬಹುದೆಂದು ಹಾಳೆಯ ಚಿತ್ರವನ್ನೇ ಹಿಗ್ಗಿಸಿ ನೋಡಿದ. ಕೆಳಗೆ ಮೇಷ್ಟ್ರ ಸಹಿ, ಬಾಲ ಮೇಲಕ್ಕೆ ತಿರುಗಿದ್ದು.

"ಮೇಷ್ಟ್ರೇ, ಸ್ವಲ್ಪ ಇಲ್ಲಿ ಬರ್ತೀರಾ?"

ಮೇಷ್ಟ್ರು ಸುಲಿಯುತ್ತಿದ್ದ ಕಿತ್ತಳೆಯನ್ನು ಹಿಡಿದುಕೊಂಡೇ ಬಂದು, ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಓದಿದರು.

"ಇದನ್ನೂ ಸ್ಕ್ಯಾನ್ ಮಾಡಿಬಿಟ್ಟಿದಾರಾ" ಎಂದರು.

"ನೀವೇ ಬರೆದದ್ದಾ?"

"ನಾನಲ್ದೆ ಇನ್ಯಾರು ಬರೀತಾರೆ?"

"ಆ ವರ್ಷ ನೀವು ಕಾಲು ಮುರ್ಕೊಂಡು ನಲವತ್ತು ದಿನ ಮಲಗಿದ್ರಿ. ಕಾಲುವೆ ಸೇತುವೆ ಪೂರ್ತಿ ನಾನೊಬ್ಬನೇ ಮಾಡಿದ್ದೆ."

"ಅದಕ್ಕೇ ಕಣೋ." ಮೇಷ್ಟ್ರು ಕುರ್ಚಿ ಎಳೆದು ಕೂತರು. "ನಿನ್ನ ಕಳಿಸಿಬಿಟ್ಟು ನಾನು ಯಾರನ್ನ ಇಟ್ಕೊಂಡು ಕಚೇರಿ ನಡೆಸ್ಲಿ? ಉದ್ದಣ್ಣ ಇದ್ರೂ ಒಂದೇ, ಹೋದ್ರೂ ಒಂದೇ. ನೀನು ನನ್ನ ಬಲಗೈ." ಅದನ್ನವರು ಹೊಗಳಿಕೆಯ ದನಿಯಲ್ಲೇ ಹೇಳಿದರು. ಎರಡು ತೊಳೆ ಕಿತ್ತಳೆಯನ್ನೂ ಅವನ ಕಡೆ ಚಾಚಿದರು.

ಗೆರೆ ತೆಗೆದುಕೊಳ್ಳಲಿಲ್ಲ. "ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಉಳೀತಿದ್ದೆಯಾ? ಯಾವನು ಉಳೀತಾನೆ?"

"ಉಳೀತಿದ್ದೆ."

ಅದು ಬಾಯಿಮಾತಲ್ಲ. ಇರೋ ಅಂದಿದ್ದರೆ ಎರಡು ಮಾತಿಲ್ಲದೆ ಇರುತ್ತಿದ್ದ. ಮೇಷ್ಟ್ರು ಮಾತ್ರ ತಲೆಯಾಡಿಸಿ, "ಈಗ ಹಾಗಂತೀಯ" ಎಂದರು. ಪತ್ರಕ್ಕಿಂತ ಅವನಿಗೆ ಹೆಚ್ಚು ನಾಟಿದ್ದು ಅದೇ.

"ಆಗಿದ್ದು ಆಯ್ತು ಬಿಡು" ಎಂದರು ಮೇಷ್ಟ್ರು. "ಈಗ ಯಾವುದು ತಗೊಳ್ಳೋಣ ಹೇಳು."

"ಮೂರನೇದು. ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಓದಲ್ಲ." ಗೆರೆ ಎದ್ದು ಕನ್ನಡಕದ ಡಬ್ಬಿ ಜೇಬಿಗೆ ಹಾಕಿಕೊಂಡು ಹೊರಟ. ಆ ಜೋಡಿ ಪರದೆಯ ಮೇಲೆ ಹಾಗೇ ಇತ್ತು.

ಮನೆಯಲ್ಲಿ ಎಲ್ಲವನ್ನೂ ಹೇಳಿದ. ಹೆಂಡತಿ ಅವತ್ತು ಚುಚ್ಚಲಿಲ್ಲ. "ಆ ನಲವತ್ತು ದಿನವೂ ಅವರಿಗೆ ಊಟ ಕಟ್ಟಿಕೊಟ್ಟೆನಲ್ಲ ನಾನು" ಎಂದಳು. ಆಮೇಲೆ, "ನೀವು ರಾತ್ರಿ ಊಟಕ್ಕೆ ಕೂತಾಗಲೂ 'ನಂದೇನು ತಪ್ಪಿತ್ತೋ' ಅಂತಿದ್ರಿ" ಎಂದಳು.

ಮೂರು ದಿನ ಮೇಷ್ಟ್ರ ಫೋನು ಬಡಿದುಕೊಂಡಿತು. ನಾಲ್ಕನೆಯ ದಿನ ಎತ್ತಿದ.

"ಎಲ್ಲಿ ಹೋದೆಯೋ? ಇದು ಬಿಡದೆ ಕೇಳ್ತಿದೆ ಕಣೋ, ಒಂದು ತೆಗೀಲಾ, ಎರಡೂ ಇರ್ಲಾ ಅಂತ. ನನಗೆ ಕೈಯೇ ಓಡ್ತಿಲ್ಲ. ಯಾವುದು ಒತ್ಲಿ?"

ಯಾವ ಹಾಳೆ ಎಂದು ಗೆರೆ ಕೇಳಲಿಲ್ಲ.

"ನಿಮ್ಮ ಹಾಳೆ. ನೀವೇ ನೋಡಿ ಒತ್ತಿ, ಮೇಷ್ಟ್ರೇ."

"ಹಾಗಂದ್ರೆ ಹೇಗೋ? ನಾಳೆ ಬರ್ತೀಯ ತಾನೇ?"

ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

"ಇಲ್ಲ. ಬರಲ್ಲ" ಎಂದ ಗೆರೆ.